ಜುಲೈ 13, 2025, ಭಾನುವಾರ: ತಾಗಿದ್ದೋ, ದಾಟಿದ್ದೋ?

ಅಕ್ಕನ ಮಗಳ ಕೈಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಸಿಕ್ಕಿದೆ. ಅಮೆರಿಕದಲ್ಲಿರುವ ನೆಂಟರೊಬ್ಬರು ಬಳಸಿ ಬಿಟ್ಟ ಟಿಐ-84 ಪ್ಲಸ್. ಪಿಯುಸಿ ಪರೀಕ್ಷೆಗೆ ಒಯ್ಯುವ ಹಾಗಿಲ್ಲ. ಆದರೆ ಶಿರಸಿಯ ಈ ಮಳೆಯಲ್ಲಿ ಅಂಗಳಕ್ಕೆ ಇಳಿಯುವ ಹಾಗೂ ಇಲ್ಲವಲ್ಲ. ಜಗಲಿಯಲ್ಲಿ ಕೂತು ಅದನ್ನೇ ಒತ್ತುತ್ತಾ ಇದ್ದೆವು.

ವೈ ಈಕ್ವಲ್ಸ್ ಒತ್ತಿ ಸಮೀಕರಣ ಹಾಕಬೇಕು, ಆಮೇಲೆ ಗ್ರಾಫ್. ಗೆರೆ ಎಕ್ಸ್ ಅಕ್ಷವನ್ನು ಮುಟ್ಟಿದ ಕಡೆ ಶೂನ್ಯತೆ. ಅದರ ಬೆಲೆ ಬೇಕಾದರೆ ಸೆಕೆಂಡ್, ಟ್ರೇಸ್, ಮೆನುವಿನಲ್ಲಿ ಎರಡನೆಯ ‘ಝೀರೋ’. ಆಗ ಯಂತ್ರ ನಮ್ಮನ್ನೇ ಕೇಳುತ್ತದೆ: ಎಡಗಡೆ ಮಿತಿ ಎಲ್ಲಿ, ಬಲಗಡೆ ಎಲ್ಲಿ, ಅಂದಾಜು ಎಷ್ಟು? ಅಷ್ಟೆಲ್ಲ ಹೇಳಿದ ಮೇಲೆ ಒಂದೇ ಒಂದು ಉತ್ತರ ಕೊಡುತ್ತದೆ.

ನಾನು ಬೇಕೆಂದೇ ಒಂದು ತಂಟೆಯ ಲೆಕ್ಕ ಕೊಟ್ಟೆ: ವೈ = ಎಕ್ಸ್² − 4.2ಎಕ್ಸ್ + 4.4.

‘ಮಾವ, ಬರೀ ತಾಗಿದ್ದು, ದಾಟಿದ್ದಿಲ್ಲೆ. ಒಂದೇ ಶೂನ್ಯತೆ’ ಎಂದಳು.

ಪರದೆ ನೋಡಿದರೆ ಯಾರೂ ಹಾಗೇ ಹೇಳುತ್ತಾರೆ. ಅದರಲ್ಲಿರುವುದು ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿ. ಎರಡೂ ಕಡೆ −10ರಿಂದ 10ರವರೆಗೆ ಹರಡಿದರೆ ಒಂದು ಚುಕ್ಕಿಗೆ ಅಡ್ಡಕ್ಕೆ ಹೆಚ್ಚುಕಡಿಮೆ 0.21, ಉದ್ದಕ್ಕೆ 0.32. ಈ ಗೆರೆ ಅಕ್ಷದ ಕೆಳಗೆ ಇಳಿಯುವುದು ಬರೀ 0.01. ಚುಕ್ಕಿಯ ಲೆಕ್ಕದಲ್ಲಿ ಇಳಿದೇ ಇಲ್ಲ!

ಶೂನ್ಯತೆ ಎಷ್ಟಿವೆ ಎಂದು ಹೇಳುವ ಬಿ² − 4ಎಸಿ ಮಾಡು ಎಂದೆ. ಅಡಿಕೆ ಚೀಟಿಯ ಹಿಂಬದಿಯಲ್ಲಿ ಮಾಡಿದಳು. 17.64 − 17.6, ಅಂದರೆ 0.04. ಸೊನ್ನೆಗಿಂತ ಜಾಸ್ತಿ, ಹಾಗಾಗಿ ಎರಡು ಇರಲೇಬೇಕು. ಪರದೆ ಎಲ್ಲಿಂದ ಎಲ್ಲಿಗೆ ತೋರಿಸಬೇಕೆಂದು ಹೇಳುವ ‘ವಿಂಡೋ’ದಲ್ಲಿ ಎಕ್ಸ್ 1.8ರಿಂದ 2.4, ವೈ −0.02ರಿಂದ 0.05 ಎಂದು ಬದಲಿಸಿದಾಗ ಗೆರೆ ಕೆಳಗಿಳಿದು ಮೇಲೆ ಬಂದದ್ದು ಚೆನ್ನಾಗಿ ಕಂಡಿತು. 1.9 ಮತ್ತು 2.1ರ ನಡುವೆ ಹುಡುಕಿಸಿದರೆ 2. 2.1 ಮತ್ತು 2.3ರ ನಡುವೆ 2.2.

ನನ್ನ ಕೇಳಿದರೆ, ವರ್ಗ ಸಮೀಕರಣಕ್ಕೆ ಈ ಯಂತ್ರ ಸುಮ್ನೆ ದಂಡ. ಸೂತ್ರವೇ ಬೇಗ. ಎಕ್ಸ್³ − 3ಎಕ್ಸ್ + 1 ತರಹದ್ದು ಬಂದರೆ ಮಾತು ಬೇರೆ. 1, −1 ಹಾಕಿ ನೋಡಿದಳು, ಆಗಲಿಲ್ಲ. ಪೂರ್ಣಾಂಕವಾಗಲಿ ಭಿನ್ನರಾಶಿಯಾಗಲಿ ಇದಕ್ಕೆ ಹೊಂದುವುದೇ ಇಲ್ಲ. ಗ್ರಾಫ್ ಮಾತ್ರ ಅಕ್ಷವನ್ನು ಮೂರು ಕಡೆ ಸ್ಪಷ್ಟವಾಗಿ ಕಡಿದಿತ್ತು: −1.879, 0.347, 1.532. ಕೆಲವೊಮ್ಮೆ ವೈ ಜಾಗದಲ್ಲಿ ಸೊನ್ನೆಯ ಬದಲು ‘ಇ −12’ ಅಂತ ಬಾಲ ಇರುವ ಸಂಖ್ಯೆ ಬರುತ್ತದೆ. ಅದು ಸೊನ್ನೆಗೆ ತೀರಾ ಹತ್ತಿರ, ಹೆದರಬೇಕಾಗಿಲ್ಲ.

‘ಹಂಗಾರೆ ಸೈನ್ ಹಾಕಿರೆ?’ ಎಂದು ಈಗ ಅದನ್ನು ಹಿಡಿದು ಕೂತಿದ್ದಾಳೆ. ಡಿಗ್ರಿಯಿಂದ ರೇಡಿಯನ್‌ಗೆ ಬದಲಿಸಿಕೋ ಎಂದು ಹೇಳಿ ನಾನು ಎದ್ದೆ.