ಮೆದುಳಿನ ಸಂಪರ್ಕ ನುಂಗುವ ಕೋಶಗಳು

ಮೈಕ್ರೋಗ್ಲಿಯಾ ಬಗ್ಗೆ ಓದುತ್ತಿದ್ದೇನೆ. ಮೆದುಳಿನೊಳಗೇ ಇರುವ ರೋಗನಿರೋಧಕ ಕೋಶಗಳಿವು. ಸೋಂಕಿನ ವಿರುದ್ಧ ಹೋರಾಡುವುದಷ್ಟೇ ಇವುಗಳ ಕೆಲಸ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಇವುಗಳಿಗೆ ಇನ್ನೊಂದು ಕೆಲಸವೂ ಇದೆ. ಮೆದುಳು ಬೆಳೆಯುವಾಗ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಸಂಪರ್ಕಗಳು ಹುಟ್ಟುತ್ತವೆ. ಬೇಡವಾದ ಕೆಲವಕ್ಕೆ ಸಿ1ಕ್ಯೂ, ಸಿ3 ಎಂಬ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಆ ಗುರುತು ಹಿಡಿದು ಮೈಕ್ರೋಗ್ಲಿಯಾ ಅವನ್ನು ನುಂಗಿಬಿಡುತ್ತವೆ. ರಕ್ತದಲ್ಲಿ ಬ್ಯಾಕ್ಟೀರಿಯಾಗಳಿಗೆ ಗುರುತು ಹಾಕುವುದೂ ಇವೇ ಪ್ರೋಟೀನುಗಳು! ವಿಜ್ಞಾನಿಗಳಾದ ಬೆತ್ ಸ್ಟೀವನ್ಸ್, ಬೆನ್ ಬ್ಯಾರೆಸ್ ತಂಡ 2007ರಲ್ಲಿ ಇಲಿಗಳಲ್ಲಿ ಈ ಪ್ರೋಟೀನುಗಳ ಪಾತ್ರ ತೋರಿಸಿತು.

ನನ್ನನ್ನು ಕಾಡಿದ್ದು ಮುಂದಿನ ವಿಷಯ. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯ ಲಕ್ಷಣ ಬರುವಂತೆ ಬೆಳೆಸಿದ ಇಲಿಗಳಲ್ಲಿ ಇದೇ ಕೆಲಸ ಮತ್ತೆ ಶುರುವಾಗಿ, ಪ್ಲೇಕ್ (ಮೆದುಳಿನಲ್ಲಿ ಸೇರಿಕೊಳ್ಳುವ ಪ್ರೋಟೀನಿನ ಗಂಟು) ಕಟ್ಟುವ ಮೊದಲೇ ಸಂಪರ್ಕಗಳು ಕಳೆದುಹೋಗುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಸಿ1ಕ್ಯೂ ತಡೆದಾಗ ನಷ್ಟ ಕಡಿಮೆಯಾಯಿತು. ನೆನಪು ಕರಗುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಬರೀ ವಿಜ್ಞಾನದ ಸುದ್ದಿಯಲ್ಲ. ಮನುಷ್ಯರಲ್ಲೂ ಹೀಗೆ ತಡೆಯುವ ದಾರಿ ಬೇಗ ಸಿಗಲಿ.