ಅರವತ್ತೊಂಬತ್ತು

ರಾತ್ರಿ ನಿದ್ದೆ ಬರಲಿಲ್ಲ. 2018ರ ಒಂದು ಹಳೇ ಸುದ್ದಿ ತಲೆ ಕೊರೆಯುತ್ತಿತ್ತು.

ಆ ವರ್ಷ ಜುಲೈ 4ರಂದು, ಆಶ್ರಯದ ಅರ್ಜಿ ತಿರಸ್ಕಾರವಾಗಿದ್ದ 69 ಆಫ್ಘನ್ನರನ್ನು ಹೊತ್ತು ಜರ್ಮನಿಯಿಂದ ಹೊರಟ ವಿಮಾನವೊಂದು ಕಾಬೂಲ್‌ನಲ್ಲಿ ಇಳಿಯಿತು. ಅವತ್ತೇ ಆ ದೇಶದ ಗೃಹ ಮಂತ್ರಿ ಹೋರ್ಸ್ಟ್ ಝೀಹೋಫರ್ ಅವರ 69ನೇ ಹುಟ್ಟುಹಬ್ಬ. ಆಮೇಲೆ ಪತ್ರಕರ್ತರ ಮುಂದೆ ಅವರು ಈ ಲೆಕ್ಕ ಹೇಳಿ, ಇದು ನಾನು ಆರ್ಡರ್ ಮಾಡಿದ್ದಲ್ಲ ಎಂದು ನಕ್ಕರು. ನಗುವ ವಿಷಯವೇ ಅದು? ಆ 69 ಜನರಲ್ಲಿ ಒಬ್ಬ ಹುಡುಗ, 23 ವರ್ಷ, ಕಾಬೂಲ್‌ನ ತಾತ್ಕಾಲಿಕ ವಸತಿಯಲ್ಲಿ ಪ್ರಾಣ ಬಿಟ್ಟ. 2011ರಲ್ಲಿ ಜರ್ಮನಿಗೆ ಬಂದಾಗ ಅವನಿನ್ನೂ ಮೀಸೆ ಮೂಡುವ ವಯಸ್ಸಿನವನು.

ಬ್ರಿಟನ್ನಿನಲ್ಲೂ ವಯಸ್ಸಿನ ಲೆಕ್ಕದ ಒಂದು ನಿಯಮವಿತ್ತು. ಒಬ್ಬಂಟಿಯಾಗಿ ಬಂದ ಮಗುವಿಗೆ ಆಶ್ರಯ ಸಿಗದಿದ್ದರೆ ಹೆಚ್ಚೆಂದರೆ ಹದಿನೇಳೂವರೆ ತುಂಬುವವರೆಗೆ ಇರಲು ಬಿಡುತ್ತಿದ್ದರು. ಆ ಅರ್ಧ ವರ್ಷದ ಲೆಕ್ಕ ನೋಡಿ! ಬೇರೆ ಹುಡುಗರು ಹದಿನೆಂಟಕ್ಕೆ ದಿನ ಎಣಿಸುತ್ತಾರೆ, ಇವರು ಹದಿನೆಂಟಾದರೆ ವಾಪಸ್ ಕಳಿಸಿಬಿಡಬಹುದು ಅಂತ ಹೆದರುತ್ತಾರೆ.

ಇನ್ನು ಇರಾನಿನಲ್ಲೇ ಹುಟ್ಟಿ ಬೆಳೆದ, ಆಫ್ಘಾನಿಸ್ತಾನದ ಹಜಾರಾ ಎಂಬ ಅಲ್ಪಸಂಖ್ಯಾತ ಸಮುದಾಯದ ಹುಡುಗರ ಕಥೆ. ಅಪ್ಪ ಅಮ್ಮ ಆಫ್ಘಾನಿಸ್ತಾನದವರು ಅನ್ನುವುದು ಬಿಟ್ಟರೆ ಆ ದೇಶದ ಜೊತೆ ಬೇರೆ ನಂಟೇ ಇಲ್ಲ, ಆದರೂ ಯುರೋಪಿನಿಂದ ಕಳಿಸಿದ್ದು ಕಾಬೂಲಿಗೇ. ಬಾಯಿ ಬಿಟ್ಟರೆ ಇರಾನಿನ ಧಾಟಿ. ಹೊರಗಿನವನು ಅಂತ ಎರಡೇ ಮಾತಲ್ಲಿ ಗೊತ್ತಾಗುತ್ತದೆ, ಅಲ್ವಾ? ಕಾಗದದಲ್ಲಿ ಮಾತ್ರ ಅದಕ್ಕೆ ‘ವಾಪಸಾತಿ’ ಅಂತ ಹೆಸರು. ಯಾವತ್ತೂ ಕಾಲಿಡದ ಊರಿಗೆ ವಾಪಸ್ ಹೋಗುವುದು ಹೇಗೆ ಅಂತ ಯೋಚಿಸುತ್ತಲೇ ಬೆಳಗಾಯಿತು.