ಒತ್ತಕ್ಷರ ಕಾಣುವ ಟ್ಯಾಬ್

ಮಗಳು ಎಂಟನೇ ತರಗತಿ, ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಈ ವರ್ಷ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುತ್ತಾಳೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಮ್ಮ ಮನೆಗೆ ಅದು ದೊಡ್ಡ ದುಡ್ಡು.

ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಗಳನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಬುದ್ಧಿಶಕ್ತಿ ಅಳೆಯುವ ಮ್ಯಾಟ್ ಪತ್ರಿಕೆಯಲ್ಲಿ ಚಿತ್ರಗಳು ಜಾಸ್ತಿ. ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತೆ, ಸಾಲಿನಲ್ಲಿ ಮುಂದಿನ ಚಿತ್ರ ಯಾವುದು, ಇಂಥವು. ನನ್ನ ಫೋನಿನಲ್ಲಿ ದೊಡ್ಡದು ಮಾಡಿದರೆ ಪ್ರಶ್ನೆ ಕಾಣುತ್ತೆ, ಉತ್ತರದ ಆಯ್ಕೆಗಳು ಪರದೆಯಿಂದಾಚೆ ಹೋಗುತ್ತವೆ. ಎಲ್ಲವನ್ನೂ ಪ್ರಿಂಟ್ ತೆಗೆಸುತ್ತಾ ಹೋದರೆ ಖರ್ಚಿಗೆ ಕೊನೆಯಿಲ್ಲ. ಹಾಗಾಗಿ ಟ್ಯಾಬ್ ಬೇಕು ಎಂದು ತೀರ್ಮಾನಿಸಿದೆವು. ನಮ್ಮ ಕೈಗೆ ಎಟುಕುವುದು ಹೆಚ್ಚೆಂದರೆ 13,000.

ಒಂದು ಶನಿವಾರ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ನಡಿಗೆ. ಆನ್‌ಲೈನ್‌ನಲ್ಲಿ ಒಂದಿಷ್ಟು ಕಮ್ಮಿಗೆ ಸಿಗಬಹುದು, ಗೊತ್ತು. ಆದರೆ ಪತ್ರಿಕೆಯನ್ನು ಅದರಲ್ಲಿ ತೆರೆದು ಕಣ್ಣಾರೆ ನೋಡದೆ ಕೊಳ್ಳಲು ನನಗೆ ಮನಸ್ಸಿರಲಿಲ್ಲ. ಒಂದು ಮ್ಯಾಟ್ ಪತ್ರಿಕೆ, ವಿಜ್ಞಾನ ಪುಸ್ತಕದ ಪಿಡಿಎಫ್ ಎರಡನ್ನೂ ಫೋನಿಗೆ ಹಾಕಿಕೊಂಡಿದ್ದೆ.

ಮೊದಲ ಅಂಗಡಿಯಲ್ಲಿ ತೋರಿಸಿದ್ದು ಹೆಸರೇ ಕೇಳದ ಕಂಪನಿಯದು. 2 ಜಿಬಿ ರ‍್ಯಾಮ್, 32 ಜಿಬಿ ಜಾಗ, 6,000ದ ಆಸುಪಾಸು. ‘ಮಕ್ಕಳಿಗೆ ಇಷ್ಟು ಸಾಕು ಮೇಡಂ’ ಎಂದರು. ವಿಜ್ಞಾನ ಪುಸ್ತಕ ತೆರೆದು ಪುಟ ತಿರುಗಿಸಿದರೆ ಬಿಳಿ ಹಾಳೆ ಕಾಣಿಸಿಕೊಂಡು, ಅಕ್ಷರ ನಿಧಾನಕ್ಕೆ ಬರುತ್ತಿತ್ತು. 32 ಜಿಬಿಯಲ್ಲಿ ದೊಡ್ಡ ಪಾಲನ್ನು ಆಂಡ್ರಾಯ್ಡೇ ನುಂಗಿರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಮಕ್ಕಳಿಗೆ ಸಾಕು ಎನ್ನುವ ಮಾತು ನನಗೆ ಬೇಸರ ತರಿಸುತ್ತೆ. ಓದುವ ಮಗುವಿಗೇ ಅಲ್ವಾ ಚೆನ್ನಾಗಿ ಕೆಲಸ ಮಾಡುವಂಥದ್ದು ಬೇಕಿರುವುದು?

ಮುಂದಿನ ಅಂಗಡಿಯಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಒಂದು ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9, 8.7 ಇಂಚು. ಇನ್ನೊಂದು ರೆಡ್‌ಮಿ ಪ್ಯಾಡ್ ಎಸ್‌ಇ, 11 ಇಂಚು. ಎರಡರಲ್ಲೂ 4 ಜಿಬಿ ರ‍್ಯಾಮ್. ಚಿಕ್ಕದು ಕೈಯಲ್ಲಿ ಹಿಡಿಯಲು ಹಗುರ, ನನಗೆ ಅದೇ ಹಿಡಿಸಿತು. ಮಗಳು ಸುಮ್ನೆ ನಿಲ್ಲಲಿಲ್ಲ. ಎರಡರಲ್ಲೂ ಒಂದೇ ಪುಟ ತೆರೆದು, ಚೀಲದಿಂದ ಸ್ಕೇಲ್ ತೆಗೆದು ಪರದೆಯ ಅಗಲ ಅಳೆದಳು. ಚಿಕ್ಕದು 11 ಸೆಂಟಿಮೀಟರ್ ಚಿಲ್ಲರೆ, ದೊಡ್ಡದು 15ರ ಹತ್ತಿರ. ಪ್ರಶ್ನೆಪತ್ರಿಕೆಯ ಎ4 ಹಾಳೆಯ ಅಗಲ 21. ಅಂದರೆ ಚಿಕ್ಕದರಲ್ಲಿ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ದೊಡ್ಡದರಲ್ಲಿ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ.

‘ಅಮ್ಮಾ, ಇಲ್ಲಿ ಒತ್ತು ಕಾಣ್ತಿಲ್ಲ ನೋಡು’ ಎಂದಳು. ‘ದ್ಯುತಿಸಂಶ್ಲೇಷಣೆ’, ‘ಸೂಕ್ಷ್ಮಜೀವಿ’ ಇಂಥ ಪದಗಳಲ್ಲಿ ಕೆಳಗಿನ ಒತ್ತಕ್ಷರ ಚಿಕ್ಕ ಪರದೆಯಲ್ಲಿ ಚುಕ್ಕಿಯಂತೆ ಕಾಣುತ್ತಿತ್ತು. ಇಂಗ್ಲಿಷ್ ಪುಟವಾಗಿದ್ದರೆ ಅದೇ ಪರದೆಯಲ್ಲಿ ಹೇಗೋ ನಡೆಯುತ್ತಿತ್ತೇನೋ. ಕನ್ನಡದಲ್ಲಿ ಅಕ್ಷರದ ಕೆಳಗೂ ಅಕ್ಷರ ಇರುತ್ತದೆ, ಪಕ್ಕದಲ್ಲಿ ದೀರ್ಘ ಇರುತ್ತದೆ. ಟ್ಯಾಬ್‌ಗಳ ಬಗ್ಗೆ ಬರೆಯುವವರು ಪ್ರೊಸೆಸರ್, ಕ್ಯಾಮೆರಾ ಎಂದೆಲ್ಲ ಹೋಲಿಸುತ್ತಾರೆ. ಕನ್ನಡ ಪುಟ ಪೂರ್ತಿ ಪರದೆಯಲ್ಲಿ ನಿಂತಾಗ ಒತ್ತು ಓದಲು ಬರುತ್ತದಾ ಎಂದು ನೋಡಿದವರನ್ನು ನಾನು ಕಂಡಿಲ್ಲ. ನಮ್ಮ ಆಯ್ಕೆ ಅಲ್ಲೇ ಮುಗಿಯಿತು, ದೊಡ್ಡದೇ. 2024ರಲ್ಲಿ ಭಾರತಕ್ಕೆ ಬಂದಾಗಲೇ ಆ ರೆಡ್‌ಮಿ ಪ್ಯಾಡ್‌ನ ಬೆಲೆ 12,999ರಿಂದ ಶುರುವಾಗಿತ್ತು, 128 ಜಿಬಿ ಜಾಗದ ಜೊತೆಗೆ.

ಅದಕ್ಕೆ ಸಿಮ್ ಹಾಕಲು ಬರುವುದಿಲ್ಲ, ವೈಫೈ ಮಾತ್ರ. ಅಂಗಡಿಯವರು ಅದನ್ನು ಕೊರತೆ ಎನ್ನುವಂತೆ ಹೇಳಿದರು. ನನಗೆ ಅದೇ ಬೇಕಿತ್ತು. ಸಿಮ್ ಇದ್ದರೆ ತಿಂಗಳು ತಿಂಗಳು ಇನ್ನೊಂದು ರೀಚಾರ್ಜ್. ಈಗ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದಾಗ ಮಾತ್ರ ಇಂಟರ್ನೆಟ್. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಸಂಜೆ ಇಳಿಸಿಕೊಳ್ಳುತ್ತಾಳೆ, ಆಮೇಲೆ ನೆಟ್ ಇಲ್ಲದೆ ನೋಡುತ್ತಾಳೆ. ಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತ. ದುಡ್ಡು ಕೊಟ್ಟು ಕೊಳ್ಳುವ ಕಲಿಕೆಯ ಆ್ಯಪ್ ಒಂದನ್ನೂ ಹಾಕಿಲ್ಲ. ಮಕ್ಕಳ ಬಳಕೆಗೆ ಮಿತಿ ಹಾಕುವ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕುವಾಗ ಅವಳನ್ನು ಪಕ್ಕ ಕೂರಿಸಿಕೊಂಡೆ. ರಾತ್ರಿ ಎಷ್ಟು ಗಂಟೆಗೆ ಲಾಕ್ ಆಗಬೇಕು ಎಂದು ಅವಳೇ ಹೇಳಿದಳು, ನಾನು ಒಪ್ಪಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಪ್ರಶ್ನೆ ಟ್ಯಾಬ್‌ನಲ್ಲಿ ಓದಲಿ, ಉತ್ತರ ಹಾಳೆಯ ಮೇಲೇ ಗುರುತು ಮಾಡಬೇಕು. ಪರೀಕ್ಷೆಯ ದಿನ ಓಎಂಆರ್ ಎಂಬ ಉತ್ತರದ ಹಾಳೆಯಲ್ಲಿ ಪೆನ್ನು ಹಿಡಿದು ವೃತ್ತ ತುಂಬಬೇಕಲ್ಲ, 90 ನಿಮಿಷದಲ್ಲಿ 90 ಪ್ರಶ್ನೆ. ಆ ವೇಗ ಕೈಗೂ ಬರಬೇಕು.